ಎಲ್ಲೋ ಸೋರುತ್ತಿದೆ

ತಿಪಟೂರಿನ ನಮ್ಮ ತೋಟದ ಮನೆಯ ಶೆಡ್ಡಿನಲ್ಲಿ ಹಳೆಯ ಮಾರುತಿ ಎಸ್ಟೀಮ್ ಒಂದಿದೆ. 1298 ಸಿ.ಸಿ. ಪೆಟ್ರೋಲ್ ಎಂಜಿನ್ನು. ಹುಟ್ಟುವಾಗ ಅದಕ್ಕೆ ಟರ್ಬೊ ಇರಲಿಲ್ಲ. ಶಿವಾಜಿನಗರದ ಗುಜರಿಯಿಂದ ಡೀಸೆಲ್ ಕಾರಿನದ್ದೊಂದು ಟರ್ಬೊ ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಎಂಜಿನ್ನಿನ ಹೊಗೆಯನ್ನು ಅದಕ್ಕೆ ಸಾಗಿಸುವ ಮ್ಯಾನಿಫೋಲ್ಡ್ ಮಾಡಿಸಿ ಕೂರಿಸಿದವನು ನಾನು. “ಚೆನ್ನಾಗಿ ಓಡ್ತಿದ್ದ ಕಾರನ್ನ ನೀನೇ ಕೆಡಿಸಿ, ಎರಡು ವರ್ಷದಿಂದ ನೀನೇ ರಿಪೇರಿ ಮಾಡ್ತಿದೀಯಲ್ಲೋ” ಅಂತಾಳೆ ಅಮ್ಮ. ಸುಳ್ಳೇನಲ್ಲ. ಇಂಥದ್ದನ್ನು ರಸ್ತೆಗಿಳಿಸಲು ಕಾನೂನೂ ಒಪ್ಪುವುದಿಲ್ಲ. ಹಾಗಾಗಿ ಇದರ ಸಂಚಾರವೆಲ್ಲ ಗೇಟಿನಿಂದ ಪಂಪ್‌ಹೌಸಿನವರೆಗೆ. ಮೂರನೇ ಗೇರ್ ಬೀಳುವಷ್ಟರಲ್ಲಿ ತೋಟ ಮುಗಿದಿರುತ್ತದೆ.

ಟರ್ಬೊ ಎಂದರೆ ಮಹಾ ಜಿಪುಣನ ಉಪಾಯ. ಸೈಲೆನ್ಸರಿನಲ್ಲಿ ದಂಡವಾಗಿ ಹೋಗುವ ಬಿಸಿ ಹೊಗೆಯಿಂದ ಒಂದು ಪುಟ್ಟ ಚಕ್ರ ತಿರುಗಿಸಿಕೊಂಡು, ಅದೇ ಸರಳಿನ ಆ ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಎಂಜಿನ್ನಿಗೆ ತುರುಕುವುದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಇದರ ಪೇಟೆಂಟ್ ಪಡೆದ. ಆ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅಷ್ಟೆಲ್ಲ ತಿರುಗಿ ತುಂಬಿಸಿದ ಗಾಳಿ ಒಂದು ಸಡಿಲ ಕ್ಲಿಪ್ಪಿನ ಸಂದಿಯಲ್ಲಿ ನುಸುಳಿ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ?

ನಾನು ಬಯಸಿದ್ದು 0.5 ಬಾರ್ ಒತ್ತಡ. ಮೀಟರಿನ ಮುಳ್ಳು 0.35 ದಾಟುತ್ತಿರಲಿಲ್ಲ. ಟರ್ಬೊದ ಬಾಯಿಗೆ ಪಿವಿಸಿ ಪೈಪಿನ ಮುಚ್ಚಳ ಹಾಕಿ, ಅದಕ್ಕೆ ಟ್ಯೂಬಿನ ವಾಲ್ವ್ ಜೋಡಿಸಿ, ಕಾಲುಪಂಪಿನಿಂದ ಗಾಳಿ ತುಂಬಿದೆ. ಪ್ರತಿ ಜೋಡಣೆಗೂ ಅಂಟುವಾಳದ ನೀರು ಸವರಿದೆ. ಪಂಕ್ಚರ್ ಅಂಗಡಿಯ ತೊಟ್ಟಿಯ ಮುಂದೆ ಹುಡುಗನಾಗಿ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದ ಸುಖ ಮತ್ತೆ ಬಂತು. ಎಣ್ಣೆ ಮುಚ್ಚಳದ ಬಳಿ ಕೇಳುವ ಸಣ್ಣ ಸುಯ್ಲನ್ನು ನಂಬಬಾರದು. ಪಿಸ್ಟನ್ ರಿಂಗುಗಳ ಪಕ್ಕದಿಂದ ಸ್ವಲ್ಪ ಗಾಳಿ ಜಾರುವುದು ಸಹಜ. ಅದರ ಹಿಂದೆ ಬಿದ್ದು ಒಂದು ಭಾನುವಾರ ಕಳೆದಿದ್ದೇನೆ. ಕೊನೆಗೆ, ಗಾಳಿ ತಣಿಸುವ ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ ನೊರೆ ಎದ್ದಿತು. ಮೊದಲು ಸಣ್ಣ ಮುತ್ತು, ಆಮೇಲೆ ಬಜ್ಜಿಯಷ್ಟು ದಪ್ಪ. ಆ ಗುಳ್ಳೆಯನ್ನು ಒಡೆಯದೆ ಎಷ್ಟೋ ಹೊತ್ತು ನೋಡಿದೆ.

ಆ ಸೋರಿಕೆ ಮುಚ್ಚಿದ ಮೇಲೆ ಮುಳ್ಳು 0.5ಕ್ಕೆ ಬಂತು. ತೊಂದರೆ ಶುರುವಾದದ್ದು ಆಮೇಲೆ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪೆಟ್ರೋಲಿನ ಅಳತೆ ತಿದ್ದಲು ಕೂತಾಗ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಎಂಬುದು ಪುಸ್ತಕದ ಲೆಕ್ಕ. ಟರ್ಬೊ ಒತ್ತುವಾಗ ಅದನ್ನು 11.5–12ಕ್ಕೆ ಇಳಿಸಿ ಹೆಚ್ಚು ಪೆಟ್ರೋಲು ಕೊಡಬೇಕು. ಕೊಡದಿದ್ದರೆ ಉರಿ ಮಿತಿಮೀರಿ, ಎಂಜಿನ್ನು ಟಕಟಕ ಕುಟ್ಟಿಕೊಂಡು ಪಿಸ್ಟನ್ನನ್ನೇ ತಿನ್ನುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ನನ್ನ ಸೆನ್ಸರ್ ನಿಂತ ಕಾರಿನಲ್ಲೂ ‘ಪೆಟ್ರೋಲು ಸಾಲದು’ ಎಂದು ಗೋಗರೆಯುತ್ತಿತ್ತು. ಕೊಟ್ಟೆ. ಇನ್ನೂ ಬೇಕೆಂದಿತು. ಇನ್ನೂ ಕೊಟ್ಟೆ. ಪ್ಲಗ್ಗು ಬಿಚ್ಚಿದರೆ ಒಲೆಯ ಮೇಲಿಟ್ಟ ಪಾತ್ರೆಯ ತಳದಂತೆ ಕಪ್ಪು! ಸೆನ್ಸರ್ ಹಸಿವು ಅನ್ನುತ್ತದೆ, ಪ್ಲಗ್ಗು ಅಜೀರ್ಣ ಅನ್ನುತ್ತದೆ. ಯಾರ ಮಾತು ಕೇಳುವುದು?

ಒಂದು ಚಳಿ ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದೆ. ಕಾಫಿ ತಂದ ಅಮ್ಮ ಲೋಟ ಕೊಡದೆ ಹಾಗೇ ನಿಂತಳು.

“ಗ್ಯಾಸ್ಕೆಟ್ ಹೋಗಿದೆ ಕಣೋ.”

“ನಿಂಗೆ ಹೆಂಗಮ್ಮ ಗೊತ್ತು?”

“ಕುಕ್ಕರ್ ವಿಷಲ್ ಹಾಕದೆ ಚುಸ್ ಚುಸ್ ಅನ್ನಲ್ವ, ಹಂಗೇ ಐತೆ.”

ಐದು ನಿಮಿಷಕ್ಕೆ ಸದ್ದು ಮಾಯ. ಕಬ್ಬಿಣ ಕಾದು ಹಿಗ್ಗಿ ಸಂದಿ ಸದ್ದು ಕೇಳದಷ್ಟು ಕಿರಿದಾಗುತ್ತಿತ್ತು. ಕಾರು ಬಿಸಿಯಾದ ಮೇಲೇ ಕಿವಿಗೊಡುತ್ತಿದ್ದ ನನಗೆ ಅದೆಂದೂ ಕೇಳಿರಲಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿದೆ. ವೆಲ್ಡಿಂಗಿನ ಶಾಖಕ್ಕೆ ಅದರ ಮುಖ ಸೊಟ್ಟಗಾಗಿ, ಗ್ಯಾಸ್ಕೆಟ್ಟಿನ ಅಂಚಿಗೆ ಕಾಡಿಗೆ ತೀಡಿದಂತೆ ಮಸಿ ಕೂತಿತ್ತು. ಹೊಗೆಯ ಬಡಿತ ಬಡಿತದ ನಡುವೆ ಆ ಸಂದಿಯಿಂದ ಹೊರಗಿನ ಗಾಳಿ ಒಳಸೇರುತ್ತಿತ್ತು. ಅದನ್ನು ಕಂಡ ಸೆನ್ಸರ್ ಗಾಳಿ ಜಾಸ್ತಿಯಾಯಿತೆಂದು ದೂರುತ್ತಿತ್ತು. ಪಾಪ, ತನಗೆ ಕಂಡದ್ದನ್ನೇ ಹೇಳಿತ್ತು ಅದು. ಲೇತ್ ಅಂಗಡಿಯಲ್ಲಿ ಮುಖ ಮಟ್ಟ ಮಾಡಿಸಿ, ಹೊಸ ಗ್ಯಾಸ್ಕೆಟ್ ಹಾಕಿ, ತಿಂಗಳಿಡೀ ಸುರಿದಿದ್ದ ಪೆಟ್ರೋಲನ್ನೆಲ್ಲ ಲೆಕ್ಕದಿಂದ ಒಂದೊಂದಾಗಿ ಕಳೆದೆ.

ಈಗ ಪ್ಲಗ್ಗಿನ ತುದಿ ಅಮ್ಮನ ಕಾಫಿಯ ಬಣ್ಣಕ್ಕೆ ಬಂದಿದೆ. ನಿನ್ನೆ ಪಂಪ್‌ಹೌಸಿನವರೆಗೆ ಹೋಗಿಬಂದು, ಟರ್ಬೊ ತಣಿಯಲೆಂದು ಒಂದೆರಡು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಫ್ ಮಾಡಿದೆ. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಎಣ್ಣೆಯ ಹನಿಯೊಂದು ಹೊಳೆಯುತ್ತಿತ್ತು. ಹಳೆಯದಲ್ಲ, ಬೆರಳಿಗೆ ಬಿಸಿ ತಾಗಿತು. ಶರ್ಟಿನ ತೋಳು ಮಡಚಿಕೊಂಡು, ಟಾರ್ಚು ಹಿಡಿದು ಕೆಳಗೆ ಜಾರಿದೆ.