ಸಾಲ ತೀರಿದ ಮೇಲೆಯೇ ಲಾಭ

ವಾಣಿಜ್ಯ ಪದವಿಗಾಗಿ ಪಾಲುದಾರಿಕೆ ಕಾಯಿದೆಯನ್ನು ಓದಿದವರಿಗೆ ಒಂದು ನಿಯಮ ಮರೆಯುವುದಿಲ್ಲ. 1932ರ ಆ ಕಾಯಿದೆಯ 48ನೆಯ ಕಲಮಿನಂತೆ, ಪಾಲುದಾರಿಕೆಯ ಸಂಸ್ಥೆ ವಿಸರ್ಜನೆಗೊಂಡಾಗ ಅದರ ಆಸ್ತಿಯಿಂದ ಮೊದಲು ಹೊರಗಿನವರ ಸಾಲ ತೀರಬೇಕು. ಆಮೇಲೆ ಪಾಲುದಾರರು ಕೊಟ್ಟ ಮುಂಗಡ, ಅನಂತರ ಅವರ ಬಂಡವಾಳ. ಇನ್ನೂ ಉಳಿದರೆ ಮಾತ್ರ ಲಾಭದ ಹಂಚಿಕೆ. ಅಚೌರ್ಯವ್ರತದ ಲೌಕಿಕ ರೂಪವೆಂದೇ ನಾನು ಇದನ್ನು ಭಾವಿಸುತ್ತ ಬಂದಿದ್ದೇನೆ. ವಿಷದಿಂದ ಕೆಟ್ಟ ನೆಲವನ್ನು ಮತ್ತೆ ಬಳಕೆಗೆ ತರುವಾಗಲೂ ಇದೇ ಕ್ರಮ ಸಲ್ಲಬೇಕೆಂಬುದನ್ನು ಕೋಲಾರ ಚಿನ್ನದ ಗಣಿಯ ನಿದರ್ಶನದಿಂದ ವಾಚಕರ ಮುಂದಿಡಲು ಬಯಸುತ್ತೇನೆ.

1880ರಿಂದ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯು ಅಲ್ಲಿ ಆಧುನಿಕ ಗಣಿಗಾರಿಕೆಯನ್ನು ನಡೆಸಿತು. ಕಾಲಾಂತರದಲ್ಲಿ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದ ಬೂದುಬಣ್ಣದ ಮರಳನ್ನು ಪಕ್ಕದಲ್ಲಿಯೇ ಸುರಿಯಲಾಯಿತು. 1956ರಲ್ಲಿ ಮೈಸೂರು ಸರ್ಕಾರವೂ, 1962ರಲ್ಲಿ ಕೇಂದ್ರವೂ ಗಣಿಯನ್ನು ವಹಿಸಿಕೊಂಡವು. 2001ರ ಫೆಬ್ರವರಿ 28ರಂದು ಅದು ಮುಚ್ಚಿತು. ಹದಿಮೂರು ದಿಬ್ಬಗಳು ಉಳಿದವು. ಅವುಗಳ ಮರಳು ಸುಮಾರು 3.3 ಕೋಟಿ ಟನ್. ಜನರು ಇವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಸೈನೈಡಾದರೋ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುವ ವಸ್ತು. ನುಣ್ಣನೆಯ ಸಿಲಿಕಾ ದೂಳಿಗೆ ಅಂತಹ ಅಂತ್ಯವಿಲ್ಲ. ತಮಿಳು ಸೀಮೆಯಿಂದ ಬಂದು ಸುರಂಗಗಳಲ್ಲಿ ದುಡಿದ, ಬಹುಪಾಲು ದಲಿತರೇ ಆಗಿದ್ದ ಕಾರ್ಮಿಕರಿಗೆ ಸಿಲಿಕೋಸಿಸ್ ರೋಗವನ್ನು ತಂದದ್ದು ಇಂತಹ ದೂಳೇ.

ಬಟ್ಟೆಯ ಸಗಟು ವ್ಯಾಪಾರದ ನಿಮಿತ್ತ ನಾನು ಹಲವು ವರ್ಷ ರಾಬರ್ಟ್‌ಸನ್‌ಪೇಟೆಗೆ ವಸೂಲಿಗಾಗಿ ಹೋಗುತ್ತಿದ್ದೆ. ಗಾಳಿಯ ದಿನಗಳಲ್ಲಿ ಅಂಗಡಿಯವರು ಥಾನುಗಳ ಮೇಲೆ ಹಳೆಯ ಪಂಚೆಯನ್ನು ಹೊದಿಸಿಡುವರು. ಬೆಳಗ್ಗೆ ಕೊಡವಿದ್ದು ಮಧ್ಯಾಹ್ನಕ್ಕೆ ಮತ್ತೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಕೆಲವು ಕಾಲದ ಹಿಂದೆ ಹೋದಾಗ, ಸೀರೆ ಕೊಳ್ಳಲು ಬಂದಿದ್ದ ವೃದ್ಧೆಯೊಬ್ಬರು ನನ್ನನ್ನು ಕೇಳಿದರು: "ಆ ಗುಡ್ಡಾನ ಮತ್ತೆ ಅಗೀತಾರಂತೆ, ನಿಜಾನಾ ಸೇಟು? ಆವಾಗ ದೂಳು ಇನ್ನೂ ಜಾಸ್ತಿ ಆಗಲ್ವಾ?" ಅವರ ಪತಿ ಗಣಿಯಲ್ಲಿ ದುಡಿದು ಕೆಮ್ಮಿನಿಂದಲೇ ತೀರಿಕೊಂಡವರು. ಮಗನು ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ಮರಳುವವನು.

ಆ ತಾಯಿಯ ಪ್ರಶ್ನೆ ಅಕಾರಣವಾದುದಲ್ಲ. ಹದಿಮೂರು ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಉಳಿಕೆ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟವು 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಇಲ್ಲಿ ಲೆಕ್ಕವನ್ನು ಸರಿಯಾಗಿ ನೋಡಬೇಕು. ಒಂದು ಟನ್ ಮರಳಿನಲ್ಲಿರುವ ಚಿನ್ನವು ಒಂದು ಗ್ರಾಮಿಗೂ ಕಡಿಮೆ. ಚಿನ್ನವೆಲ್ಲವೂ ಹೊರಟುಹೋದರೂ ಗುಡ್ಡದ ತೂಕ ಕುಂದುವುದಿಲ್ಲ. ಆ ಮರಳನ್ನು ಎಲ್ಲಿ ಇಡುವರು, ಹೇಗೆ ಮುಚ್ಚುವರು, ಅದರ ಮೇಲೆ ಹಸಿರನ್ನು ಯಾರು ಬೆಳೆಸುವರು ಎಂಬುದು ಚಿನ್ನದ ಬೆಲೆಗಿಂತ ಮೊದಲು ತೀರ್ಮಾನವಾಗಬೇಕಾದ ವಿಷಯ.

2025ರ ಜುಲೈನಲ್ಲಿ ಕೇಂದ್ರ ಸರ್ಕಾರವು ಕಲುಷಿತ ಸ್ಥಳಗಳ ನಿರ್ವಹಣೆಗೆ ನಿಯಮಗಳನ್ನು ಹೊರಡಿಸಿತು. ನೆಲವನ್ನು ಕೆಡಿಸಿದವರೇ ಅದರ ಶುದ್ಧೀಕರಣದ ವೆಚ್ಚವನ್ನು ಹೊರಬೇಕೆಂಬುದು ಅದರ ತಿರುಳು, ಇದು ಸ್ವಾಗತಾರ್ಹ. ಆದರೆ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಸಾಮಾನ್ಯವಾಗಿ ಆ ನಿಯಮಗಳ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ಕಾಯಿದೆಯು ಸುಮ್ಮನಿರುವಲ್ಲಿ ಧರ್ಮಬುದ್ಧಿಯು ಮಾತನಾಡಬೇಕಾಗುತ್ತದೆ.

ಶುದ್ಧೀಕರಣವೆಂದರೆ ವಿಷವನ್ನು ಇನ್ನೊಬ್ಬರ ಅಂಗಳಕ್ಕೆ ಸಾಗಿಸುವುದೂ ಆಗಬಾರದು. ಭೋಪಾಲದ ಯೂನಿಯನ್ ಕಾರ್ಬೈಡ್ ಆವರಣದಲ್ಲಿ 1984ರ ದುರಂತದ ಬಳಿಕ ದಶಕಗಟ್ಟಲೆ ಬಿದ್ದಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಒಯ್ದಾಗ ಅಲ್ಲಿಯ ಜನ ಬೀದಿಗಿಳಿದರು. ಆ ವರ್ಷದ ಮಧ್ಯದ ಹೊತ್ತಿಗೆ ಅದನ್ನು ಸುಡಲಾಯಿತು. ಒಂದು ಊರಿನ ಭಾರವಿಳಿಸುವ ಮುನ್ನ ಅದನ್ನು ಹೊರುವ ಊರಿನ ವಿಶ್ವಾಸವನ್ನು ಗಳಿಸಿಕೊಳ್ಳಬೇಕೆಂಬ ಪಾಠ ಅದರಲ್ಲಿದೆ.

ಹಾಗಾದರೆ ಗಣಿಯ ಊರಿನಲ್ಲಿ ಹೊರಗಿನವರ ಸಾಲ ಯಾವುದು? ನನ್ನ ಎಣಿಕೆಯಲ್ಲಿ ಅದು ನಾಲ್ಕು ಬಗೆ. ಸಿಲಿಕೋಸಿಸ್ ಪೀಡಿತರ ಪಟ್ಟಿ ಮಾಡಿ ಅವರಿಗೆ ಚಿಕಿತ್ಸೆ ಕೊಡಿಸುವುದು ಮೊದಲನೆಯದು. ಗಾಳಿ, ನೀರು, ಮಣ್ಣಿನ ಪರೀಕ್ಷೆಯ ಫಲಿತಾಂಶಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆದು ವಾರ್ಡುಗಳಲ್ಲಿ ಅಂಟಿಸುವುದು ಎರಡನೆಯದು. ಗಣಿಯ ಮನೆಗಳಲ್ಲಿ ತಲೆಮಾರುಗಳಿಂದ ವಾಸವಾಗಿರುವವರಿಗೆ, ನೆಲದ ಬೆಲೆ ಏರುವುದಕ್ಕೆ ಮುಂಚೆಯೇ ಹಕ್ಕುಪತ್ರವನ್ನು ನೀಡುವುದು ಮೂರನೆಯದು. ಹೊಸ ಕೆಲಸದಲ್ಲಿ ಅವರ ಮಕ್ಕಳಿಗೆ ಆದ್ಯತೆಯನ್ನೂ, ತೀರ್ಮಾನಿಸುವ ಸಮಿತಿಯಲ್ಲಿ ಸ್ತ್ರೀಯರೂ ಸೇರಿದಂತೆ ಆ ಜನರಿಗೆ ಆಸನವನ್ನೂ ಕೊಡುವುದು ನಾಲ್ಕನೆಯದು. 2015ರಲ್ಲಿ ಗಣಿ ಕಾಯಿದೆಗೆ ಆದ ತಿದ್ದುಪಡಿಯ ಪ್ರಕಾರ ಗಣಿಬಾಧಿತರ ಹಿತಕ್ಕಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಸ್ಥಾಪಿತವಾದವು. ಅಂತಹ ನಿಧಿಯ ಪೈಕವು ಮೊದಲು ತಲುಪಬೇಕಾದುದು ದಿಬ್ಬದ ನೆರಳಿನ ಮನೆಗಳಿಗೆ.

ಇದು ನಮಗೇಕೆ ಎಂದು ಸಹಧರ್ಮಿಗಳು ಕೇಳಬಹುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ ಹದಿನೈದು ಕರ್ಮಾದಾನಗಳಲ್ಲಿ ಭೂಮಿಯನ್ನು ಅಗೆದು ಒಡೆಯುವ ಜೀವಿಕೆಯೂ ಸೇರಿದೆ. ಗಣಿ ಅಗೆಯುವ ಕೆಲಸದಿಂದ ನಮ್ಮವರು ದೂರವುಳಿದದ್ದು ಸರಿಯೇ. ಆದರೆ ಅಗೆದು ಬಂದ ಚಿನ್ನದಿಂದ ನಾವು ದೂರವುಳಿಯಲಿಲ್ಲ. ಅದು ನಮ್ಮ ಅಂಗಡಿಯ ತಕ್ಕಡಿಗೂ, ಮದುವೆಯ ಮಂಟಪಕ್ಕೂ, ಬಸದಿಯ ಕಲಶಕ್ಕೂ ಬಂದಿದೆ. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುವ ಧರ್ಮವು ನಮ್ಮದು. ಕೈ ಅಗೆಯಲಿಲ್ಲವೆಂಬ ಮಾತ್ರಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಆದುದರಿಂದ ಆ ಸೀಮೆಯ ಬಸದಿ, ಮಂದಿರಗಳ ಟ್ರಸ್ಟುಗಳು ಶ್ವಾಸಕೋಶದ ತಪಾಸಣೆಯ ಶಿಬಿರಗಳನ್ನು ಏರ್ಪಡಿಸಲಿ. ವ್ಯಾಪಾರಿಗಳು ಅಲ್ಲಿ ನಿವೇಶನವನ್ನೋ ಕಾರ್ಖಾನೆಯ ಜಾಗವನ್ನೋ ಕೊಳ್ಳುವ ಮುನ್ನ, ಅದರ ಮಣ್ಣಿನ ಪರೀಕ್ಷೆಯಾಗಿದೆಯೇ, ಅಲ್ಲಿದ್ದವರು ಎಲ್ಲಿಗೆ ಹೋದರು ಎಂಬ ಎರಡು ಪ್ರಶ್ನೆಗಳನ್ನು ಕೇಳಲಿ. ಉತ್ತರ ದೊರೆಯದ ಜಾಗವು ಎಷ್ಟೇ ಅಗ್ಗವಾದರೂ ಶ್ರಾವಕನಿಗೆ ದುಬಾರಿಯೇ.