ಮಾರುಕಟ್ಟೆ ಕಲಿಸಿದ ಮಾತುಗಳು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಿಬಂದವರು ‘ಬರೀ ಗೊಂದಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದುಂಟು. ನಾನೂ ಹಾಗೆ ಹೇಳುತ್ತಿದ್ದವನೇ. ಆದರೆ ಕನ್ನಡವು ಅಷ್ಟು ಬಡ ಭಾಷೆಯಲ್ಲವೆಂಬುದನ್ನು ಆ ಮಾರುಕಟ್ಟೆಯೇ ನನಗೆ ಕಲಿಸಿತು.

ವ್ಯಾಪಾರಿಗಳ ಕೂಗು, ಬಸ್ಸುಗಳ ಆರ್ಭಟ ಸೇರಿದರೆ ಗದ್ದಲ. ಅದು ಕಿವಿಗೆ ಸೇರಿದ್ದು. ಸೇವಂತಿಗೆ, ಕನಕಾಂಬರ, ಬಾಳೆಕಂದು, ತಲೆಹೊರೆಗಳು ಒಂದರೊಳಗೊಂದು ಬೆರೆತರೆ ಗಜಿಬಿಜಿ. ಅದು ಕಣ್ಣಿಗೆ ಸೇರಿದ್ದು. ಬುಟ್ಟಿ ಮಗುಚಿ ನಿಂಬೆಹಣ್ಣು ಉರುಳಿದರೆ ಚೆಲ್ಲಾಪಿಲ್ಲಿ. ಚಿಲ್ಲರೆಗಾಗಿ ಹತ್ತು ಜನ ನೆರೆದರೆ ರಾದ್ಧಾಂತ. ಸಂಸ್ಕೃತದಲ್ಲಿ ಸಿದ್ಧಾಂತವೆಂದೇ ಅರ್ಥವಿರುವ ಈ ಪದ ಕನ್ನಡಕ್ಕೆ ಬಂದು ರಂಪಾಟದ ಹೆಸರಾದುದು ವಿನೋದವೇ ಸರಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಪಕ್ಕದ ಕೋಟೆಗೆ ಲಗ್ಗೆಯಿಟ್ಟಾಗ ಊರು ಅಲ್ಲೋಲಕಲ್ಲೋಲವಾಯಿತೆನ್ನಬಹುದು. ಹೂವಿನ ಬೆಲೆ ಏರಿದುದಕ್ಕೆ ಆ ಮಾತು ಹೆಚ್ಚಾಯಿತು.

ಹೀಗೆ ಪದಗಳನ್ನು ಎಣಿಸುತ್ತ ನಡೆದವನು ತಿರುಗಿ ನೋಡುತ್ತೇನೆ, ಬೆರಳು ಹಿಡಿದು ಬರುತ್ತಿದ್ದ ಆರು ವರ್ಷದ ಮಗಳಿಲ್ಲ! ಆ ಕ್ಷಣ ಕೂಗು ಕೇಳಿಸಲಿಲ್ಲ, ಬಣ್ಣ ಕಾಣಿಸಲಿಲ್ಲ. ಎದೆಯೊಳಗೆ ಎದ್ದದ್ದು ಗಲಿಬಿಲಿ. ಆ ಪದದ ಅರ್ಥ ನನಗೆ ಅಂದೇ ತಿಳಿದದ್ದು.

ಬಂದ ದಾರಿಯಲ್ಲೇ ಓಡಿದೆ. ತಿರುವಿನಲ್ಲಿ ಹೂ ಮಾರುವ ಮುದುಕಿಯೊಬ್ಬಳು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಡೆಗೆ ಮಲ್ಲಿಗೆ ಮುಡಿಸುತ್ತಿದ್ದಳು.

“ಗಾಬರಿ ಯಾಕೆ ಸ್ವಾಮಿ? ಇಲ್ಲಿನ ದಾರಿಯೆಲ್ಲ ತಿರುಗಿ ಇಲ್ಲಿಗೇ ಬರುತ್ತೆ” ಎಂದಳು.

ಹೂವಿನ ದುಡ್ಡನ್ನು ಅವಳು ಮುಟ್ಟಲಿಲ್ಲ. ನಾನು ಗೊಂದಲವೆಂದ ಜಾಗದಲ್ಲಿ ಅವಳಿಗೆ ಪ್ರತಿಯೊಂದು ಬುಟ್ಟಿಯ ನೆಲೆಯೂ ಗೊತ್ತಿತ್ತು.