ಇಪ್ಪತ್ತೆಂಟರಲ್ಲಿ ಇಲ್ಲದ ಹೆಸರು

ರಿಟೈರ್ ಆದ ಮೇಲೆ ಏನ್ಮಾಡ್ತಿದ್ದೀರಿ ಅಂತ ಯಾರಾದರೂ ಕೇಳಿದರೆ ನಾನು ಪೂರ್ತಿ ನಿಜ ಹೇಳುವುದಿಲ್ಲ. ‘ವಾಕಿಂಗು, ಪೇಪರು, ಹಿತ್ತಲಲ್ಲಿ ನಾಲ್ಕು ಗಿಡ’ ಅಂತ ಹೇಳಿ ಮುಗಿಸುತ್ತೇನೆ. ‘ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಸೋವಿಯತ್ ಸೈನ್ಯದ ಒಂದು ಡಿವಿಜನ್ನಿನ ಚರಿತ್ರೆ ಹುಡುಕ್ತಾ ಇದ್ದೇನೆ’ ಅಂದರೆ ಎದುರಿಗಿದ್ದವರು ಒಂದು ಗಳಿಗೆ ನನ್ನ ಮುಖ ನೋಡಿ, ಆಮೇಲೆ ನನ್ನ ಹೆಂಡತಿಯ ಮುಖ ನೋಡುತ್ತಾರೆ. ಅವಳು ‘ಏನೋ ಒಂದು, ಮನೇಲೇ ಇರ್ತಾರಲ್ಲ’ ಅಂತ ನಗುತ್ತಾಳೆ.

ಇದೆಲ್ಲ ಶುರುವಾಗಿದ್ದು ನಮ್ಮ ಮಗಳಿಂದ. ಅವಳು ಕಜಕಸ್ತಾನದ ಅಲ್ಮಾಟಿಯಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಎರಡನೇ ವರ್ಷದಲ್ಲಿ ಹಾಸ್ಟೆಲ್ ಬಿಟ್ಟು, ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದಳು. ಅವರನ್ನು ‘ಅಪಾ’ ಅಂತ ಕರೆಯುತ್ತಾಳೆ. ಅಲ್ಲಿ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದಂತೆ. ‘ನಂಗೆ ಇಲ್ಲಿ ಒಬ್ಬ ಅಪಾ, ಅಲ್ಲಿ ಒಬ್ಬ ಅಪ್ಪ’ ಅನ್ನುವುದು ಅವಳ ಹಳೇ ಜೋಕು.

ಒಂದು ಮೇ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅವಳನ್ನು ನೋಡಲು ಹೋದೆವು. 9ನೇ ತಾರೀಕು ಅಲ್ಲಿ ವಿಜಯ ದಿನ. ಅಪಾ ಬೆಳಿಗ್ಗೆಯೇ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಸಿದ್ಧರಾಗಿದ್ದರು. ದಾರಿಯಲ್ಲಿ ಎರಡು ಕೆಂಪು ಕಾರ್ನೇಷನ್ ಹೂ ಕೊಂಡರು. ನನ್ನ ಹೆಂಡತಿ ಮೂರು ತೆಗೆದುಕೊಳ್ಳಲು ಹೋದಾಗ ಮಗಳು ತಡೆದಳು. ಆ ಕಡೆ ಸತ್ತವರಿಗೆ ಸಮಸಂಖ್ಯೆಯ ಹೂವನ್ನೇ ಇಡಬೇಕಂತೆ.

ನಾವು ಹೋಗಿದ್ದು ಊರ ನಡುವಿನ ದೊಡ್ಡ ಪಾರ್ಕಿಗೆ. ಅದರ ಹೆಸರೇ ‘28 ಪಾನ್‌ಫಿಲೋವ್ ಗಾರ್ಡ್ಸ್‌ಮೆನ್ ಪಾರ್ಕ್’. 1911ರ ಭೂಕಂಪವನ್ನೂ ತಡೆದು ನಿಂತ ಮರದ ಚರ್ಚು ಅಲ್ಲಿದೆ. ಮುಂದೆ ಹೋದರೆ ಸೈನಿಕರ ದೊಡ್ಡ ಶಿಲ್ಪ, ಆರದೆ ಉರಿಯುವ ಜ್ಯೋತಿ, ಇಪ್ಪತ್ತೆಂಟು ಜನರ ಹೆಸರುಗಳು. ಜನ ಸಾಲಾಗಿ ಬಂದು ಹೆಸರುಗಳ ಮುಂದೆ ಹೂ ಇಡುತ್ತಿದ್ದರು. ಅಪಾ ಮಾತ್ರ ಆ ಸಾಲಿಗೆ ಸೇರಲಿಲ್ಲ. ಜ್ಯೋತಿಯ ಹತ್ತಿರ ಒಂದು ಮೂಲೆಯಲ್ಲಿ ಎರಡು ಹೂ ಇಟ್ಟು, ಎರಡೂ ಕೈಯಿಂದ ಮುಖ ಸವರಿಕೊಂಡು, ‘ಹೋಗೋಣ’ ಅಂದರು.

ಯಾಕೆ ಅಂತ ಮಗಳ ಮೂಲಕ ಕೇಳಿಸಿದೆ. ಅಪಾ ಹೇಳಿದ್ದು ಇಷ್ಟು: ‘ನನ್ನ ಅಪ್ಪನೂ ಅದೇ ಡಿವಿಜನ್ನಿನಲ್ಲಿದ್ದ. ಇಪ್ಪತ್ತೆಂಟರಲ್ಲಿ ಇಲ್ಲ. ನಮ್ಮಮ್ಮ ಪ್ರತಿ ವರ್ಷ ಇಲ್ಲೇ, ಪಕ್ಕದಲ್ಲಿ ಇಡ್ತಿದ್ದಳು.’

ಅವರಪ್ಪ ರೈಲು ಹತ್ತಿದಾಗ ಅಪಾ ಇನ್ನೂ ಹುಟ್ಟಿರಲಿಲ್ಲ. ಆಮೇಲೆ ಮನೆಗೆ ಬಂದದ್ದು ‘ಪತ್ತೆಯಿಲ್ಲ’ ಅನ್ನುವ ಸುದ್ದಿ ಮಾತ್ರ. ಆ ಕಾಗದವೂ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಗಿತ್ತು.

ನಾನು ಮೂವತ್ತೊಂದು ವರ್ಷ ಭೂದಾಖಲೆಗಳ ನಡುವೆ ಕೆಲಸ ಮಾಡಿದವನು. ಪಹಣಿ, ಮ್ಯುಟೇಷನ್, ಪೋಡಿ, ಹಿಸ್ಸಾ ಅಂತಲೇ ಕೂದಲು ಬೆಳ್ಳಗಾಯಿತು. ‘ದಾಖಲೆ ಇಲ್ಲ’ ಅಂತ ಯಾರಾದರೂ ಅಂದರೆ ನನಗೆ ಸುಮ್ಮನಿರಲು ಆಗುವುದಿಲ್ಲ. ದಾಖಲೆ ಇರುತ್ತದೆ, ಬೇರೆ ಕಡೆ ಬೇರೆ ಹೆಸರಲ್ಲಿ ಕೂತಿರುತ್ತದೆ ಅನ್ನುವುದು ನನ್ನ ಅನುಭವ. ‘ನಾನು ಹುಡುಕ್ತೀನಿ’ ಅಂತ ಹೇಳಿಬಿಟ್ಟೆ. ಮಗಳು ಅದನ್ನು ರಷ್ಯನ್ನಿಗೆ ತಿರುಗಿಸುವ ಮೊದಲು ನನ್ನನ್ನೊಮ್ಮೆ ನೋಡಿದಳು. ‘ಅಪ್ಪಾ, ನಿಂಗೆ ರಷ್ಯನ್ ಓದೋಕೇ ಬರಲ್ಲ.’

ಊರಿಗೆ ಬಂದು ಮೊದಲು ಕಲಿತದ್ದು ಅಕ್ಷರ. ಮೂವತ್ಮೂರು ಅಕ್ಷರಕ್ಕೆ ಹದಿನೈದು ದಿನ ಬೇಕಾಯಿತು. ಅರ್ಥಕ್ಕೆ ಗೂಗಲ್ ಇದೆ, ಗೂಗಲ್ ಕೈಕೊಟ್ಟರೆ ಮಗಳಿದ್ದಾಳೆ. ರಷ್ಯಾದ ರಕ್ಷಣಾ ಇಲಾಖೆ ಪೊದೊಲ್ಸ್ಕ್ ಊರಿನ ತನ್ನ ಆರ್ಕೈವ್ಸ್‌ನಲ್ಲಿರುವ ಯುದ್ಧಕಾಲದ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಇಟ್ಟಿದೆ. 2007ರಲ್ಲಿ ‘ಮೆಮೋರಿಯಲ್’ ಹೆಸರಿನಲ್ಲಿ ಸತ್ತವರ ಮತ್ತು ಕಾಣೆಯಾದವರ ಪಟ್ಟಿಗಳು ಬಂದವು. 2015ರಲ್ಲಿ ‘ಪಾಮ್ಯತ್ ನರೋದಾ’, ಅಂದರೆ ‘ಜನರ ನೆನಪು’ ಬಂತು. ಡಿವಿಜನ್ನುಗಳ ಯುದ್ಧ ದಿನಚರಿ, ನಕ್ಷೆ, ಪದಕದ ಶಿಫಾರಸು ಎಲ್ಲ ಅಲ್ಲಿ ಬಿಟ್ಟಿಯಾಗಿ ಓದಬಹುದು.

ಇಲ್ಲಿ ಡಿವಿಜನ್ ಅಂದರೇನು ಅಂತ ಸ್ವಲ್ಪ ಹೇಳಬೇಕು. ಕಾಲಾಳುಗಳ ಮೂರು ರೆಜಿಮೆಂಟು, ಒಂದು ಫಿರಂಗಿ ರೆಜಿಮೆಂಟು, ಜೊತೆಗೆ ಆಸ್ಪತ್ರೆ, ಅಡುಗೆ, ಸಂಪರ್ಕದ ತಂಡಗಳು ಎಲ್ಲ ಸೇರಿ ಒಂದು ಡಿವಿಜನ್. 1941ರ ಏಪ್ರಿಲ್ ಲೆಕ್ಕದಂತೆ ಸೋವಿಯತ್ ಪದಾತಿ ಡಿವಿಜನ್ನಿನಲ್ಲಿ 14,483 ಜನ ಇರಬೇಕಿತ್ತು. ಯುದ್ಧ ಶುರುವಾಗಿ ಒಂದು ತಿಂಗಳು ದಾಟುತ್ತಿದ್ದಂತೆ ಆ ಲೆಕ್ಕವನ್ನೇ 10,859ಕ್ಕೆ ಇಳಿಸಿದರು. ಇದೂ ಕಾಗದದ ಮೇಲಿನ ಲೆಕ್ಕ. ಯುದ್ಧಭೂಮಿಯಲ್ಲಿ ಎಷ್ಟೋ ಡಿವಿಜನ್ನುಗಳಲ್ಲಿ ಇದರ ಅರ್ಧ ಜನವೂ ಇರುತ್ತಿರಲಿಲ್ಲ.

ಅಪಾ ಅವರ ಅಪ್ಪ ಇದ್ದದ್ದು 316ನೇ ಪದಾತಿ ಡಿವಿಜನ್. 1941ರ ಜುಲೈನಲ್ಲಿ ಅಲ್ಮಾಟಿಯಲ್ಲೇ (ಆಗ ಅಲ್ಮಾ-ಅತಾ) ಕಟ್ಟಿದ್ದು. ಕಜಕರು, ಕಿರ್ಗಿಜರು, ರಷ್ಯನ್ನರು, ಉಕ್ರೇನಿನವರು ಎಲ್ಲರೂ ಇದ್ದರು. ದಂಡನಾಯಕ ಮೇಜರ್ ಜನರಲ್ ಇವಾನ್ ಪಾನ್‌ಫಿಲೋವ್. ಅಕ್ಟೋಬರ್‌ನಲ್ಲಿ ಈ ಡಿವಿಜನ್ನನ್ನು ಮಾಸ್ಕೋದ ಪಶ್ಚಿಮಕ್ಕೆ, ವೊಲೊಕೊಲಾಮ್ಸ್ಕ್ ಪಟ್ಟಣದ ಹತ್ತಿರ ತಂದು ನಿಲ್ಲಿಸಿದರು. ಸುಮಾರು 40 ಕಿಲೋಮೀಟರ್ ಉದ್ದದ ಸಾಲನ್ನು ಇವರೊಬ್ಬರೇ ಕಾಯಬೇಕಿತ್ತು.

ನಾನು ‘316’ ಅಂತ ಹೊಡೆದು, ಬಂದ ಕಾಗದಗಳನ್ನು ಶ್ರದ್ಧೆಯಿಂದ ಒಂದು ತಿಂಗಳು ಓದಿದೆ. ಜಾಗದ ಹೆಸರು ಯಾವುದೂ ಹೊಂದುತ್ತಿಲ್ಲ. ಕೊನೆಗೆ ನೋಡಿದರೆ ಅದು 1943ರ ದಾಖಲೆ. ಡಿವಿಜನ್ನೇ ಬೇರೆ! ಬೇರೆಯವರ ಮನೆ ಮದುವೆ ಆಲ್ಬಂನಲ್ಲಿ ನಮ್ಮ ಸೋದರಮಾವನನ್ನು ಹುಡುಕಿದ ಹಾಗಾಯಿತು.

ಕಾರಣ ತಿಳಿದಾಗ ನಗು ಬಂತು. ನಮ್ಮ ಸರ್ವೆ ನಂಬರಿನ ಕತೆಯೇ ಅದು. ಆ ಸೈನ್ಯದಲ್ಲಿ ಡಿವಿಜನ್ ನಾಶವಾದರೆ ಆ ನಂಬರನ್ನು ಹೊಸದಾಗಿ ಕಟ್ಟಿದ ಇನ್ನೊಂದಕ್ಕೆ ಕೊಡುತ್ತಿದ್ದರು. ಚೆನ್ನಾಗಿ ಹೋರಾಡಿದ ಡಿವಿಜನ್ನಿಗೆ ‘ಗಾರ್ಡ್ಸ್’ ಅನ್ನುವ ಬಿರುದೂ ಹೊಸ ನಂಬರೂ ಸಿಗುತ್ತಿತ್ತು, ಹಳೇ ನಂಬರ್ ಖಾಲಿಯಾಗುತ್ತಿತ್ತು. 1941ರ ಸೆಪ್ಟೆಂಬರ್ 18ರಂದು ಮೊದಲ ನಾಲ್ಕು ಡಿವಿಜನ್ನುಗಳಿಗೆ ಈ ಬಿರುದು ಬಂತು. ನಮ್ಮ 316 ಅದೇ ವರ್ಷ ನವೆಂಬರ್ 18ರಂದು 8ನೇ ಗಾರ್ಡ್ಸ್ ಆಯಿತು. ಪಾನ್‌ಫಿಲೋವ್ ಸತ್ತದ್ದೂ ಅದೇ ದಿನ. ಸರ್ವೆ ನಂಬರ್ ನೋಡಿ ಜಮೀನು ಕೊಳ್ಳಬೇಡಿ, ಪೋಡಿ ಆಗಿದೆಯಾ ನೋಡಿ ಅಂತ ಊರವರಿಗೆಲ್ಲ ಬುದ್ಧಿ ಹೇಳಿದವನು ನಾನು!

ಇನ್ನು ಆ ಇಪ್ಪತ್ತೆಂಟು ಜನರ ವಿಷಯ. ನವೆಂಬರ್ 16ರಂದು ದುಬೊಸೆಕೊವೊ ಅನ್ನುವ ಸಣ್ಣ ರೈಲು ನಿಲುಗಡೆಯ ಹತ್ತಿರ 28 ಸೈನಿಕರು ಐವತ್ತಕ್ಕೂ ಹೆಚ್ಚು ಜರ್ಮನ್ ಟ್ಯಾಂಕುಗಳನ್ನು ಎದುರಿಸಿ, 18ನ್ನು ನಾಶ ಮಾಡಿ, ಎಲ್ಲರೂ ಸತ್ತರು ಎಂಬುದು ಕತೆ. ಸೈನ್ಯದ ಪತ್ರಿಕೆ ‘ಕ್ರಾಸ್ನಾಯಾ ಜ್ವೆಜ್ದಾ’ದಲ್ಲಿ ಅದೇ ತಿಂಗಳ ಕೊನೆಗೆ ಇದು ಬಂತು. 1942ರ ಜುಲೈ 21ರಂದು ಇಪ್ಪತ್ತೆಂಟೂ ಜನಕ್ಕೆ ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಕೊಟ್ಟರು.

ಆದರೆ 1947ರಲ್ಲಿ ಆ ‘ಸತ್ತ’ ವೀರರಲ್ಲಿ ಒಬ್ಬನಾದ ದೊಬ್ರೊಬಾಬಿನ್ ಜೀವಂತ ಸಿಕ್ಕಿಬಿದ್ದ. ಜರ್ಮನ್ನರ ಕೈಕೆಳಗೆ ಪೊಲೀಸ್ ಕೆಲಸ ಮಾಡಿದ ಆರೋಪ ಅವನ ಮೇಲಿತ್ತು. ಮಿಲಿಟರಿ ಪ್ರಾಸಿಕ್ಯೂಟರರ ಕಚೇರಿ ವಿಚಾರಣೆ ಮಾಡಿ 1948ರ ಮೇ 10ರಂದು ವರದಿ ಕೊಟ್ಟಿತು. ಬದುಕಿದ್ದವರು ಇನ್ನೂ ಕೆಲವರಿದ್ದರು. ಕತೆ ಹುಟ್ಟಿದ್ದು ಪತ್ರಿಕೆಯ ಕಚೇರಿಯಲ್ಲಿ. ಕಂಪನಿಯಲ್ಲಿ ಎಷ್ಟು ಜನ ಇದ್ದಿರಬಹುದು ಅಂತ ಸಂಪಾದಕರು ಕೇಳಿದರು, ವರದಿಗಾರ ಮೂವತ್ತು ನಲವತ್ತು ಅಂದಾಜು ಹೇಳಿದ, ಮೂವತ್ತರಲ್ಲಿ ಇಬ್ಬರು ಶರಣಾಗಲು ಹೋದವರು ಅಂತ ಕಳೆದರು, ಇಪ್ಪತ್ತೆಂಟು ಉಳಿಯಿತು. ಹೆಸರುಗಳನ್ನು ಕಂಪನಿಯ ಕ್ಯಾಪ್ಟನ್ ಆಮೇಲೆ ನೆನಪಿನಿಂದ ಹೇಳಿದ. ವರದಿ 2015ರಲ್ಲಿ ರಷ್ಯಾದ ಸರ್ಕಾರಿ ಆರ್ಕೈವ್ಸ್ ಮೂಲಕ ಎಲ್ಲರೂ ಓದುವಂತೆ ಹೊರಬಂದಾಗ ಅಲ್ಲಿ ದೊಡ್ಡ ಗಲಾಟೆಯೇ ಆಯಿತು.

ಹಾಗಾದರೆ ಯುದ್ಧವೇ ಸುಳ್ಳಾ? ನಾನೂ ಮೊದಲು ಹಾಗೇ ಅಂದುಕೊಂಡೆ. ವರದಿಯಲ್ಲೇ ಇರುವ ಇನ್ನೊಂದು ಹೇಳಿಕೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. ಆ ಜಾಗದಲ್ಲಿದ್ದ 1075ನೇ ರೆಜಿಮೆಂಟಿನ ಕಮಾಂಡರ್ ಕಪ್ರೋವ್ ವಿಚಾರಣೆಯಲ್ಲಿ ಹೇಳಿದ್ದು ಇದು: ಇಪ್ಪತ್ತೆಂಟು ಜನರ ಕಾಳಗ ನಡೆದೇ ಇಲ್ಲ. ಅವತ್ತು ಟ್ಯಾಂಕುಗಳ ಎದುರು ಹೋರಾಡಿದ್ದು ಬೆಟಾಲಿಯನ್ನಿನ ನಾಲ್ಕನೇ ಕಂಪನಿ. ಆ ನಾಲ್ಕನೇ ಕಂಪನಿಯೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು.

ನೂರಕ್ಕೂ ಹೆಚ್ಚು ಜನ ನಿಜವಾಗಿ ಸತ್ತಿದ್ದರು. ಶತ್ರು ಮಾಸ್ಕೋ ಬಾಗಿಲಲ್ಲಿರುವಾಗ ಜನರಿಗೆ ಧೈರ್ಯ ತುಂಬಲು ಪತ್ರಿಕೆಯವರು ಒಂದು ಕತೆ ಕಟ್ಟಿದರು. ಆ ಹೊತ್ತಿನಲ್ಲಿ ಅವರ ಜಾಗದಲ್ಲಿ ನಾನಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಇಪ್ಪತ್ತೆಂಟು ಹೆಸರಿಗೆ ಕಲ್ಲು ಸಿಕ್ಕಿತು, ಉಳಿದವರ ಮನೆಯವರು ಎಂಬತ್ತು ವರ್ಷ ಪಕ್ಕದಲ್ಲಿ ಹೂ ಇಟ್ಟರು.

ಮತ್ತೆ ಹುಡುಕಾಟ. ಈಗ ನನ್ನ ತೊಡಕು ಹೆಸರಿನದು. ಕಜಕ್ ಭಾಷೆಯನ್ನು ಮೊದಲು ಅರಬ್ಬಿ ಲಿಪಿಯಲ್ಲಿ, 1929ರಿಂದ ಲ್ಯಾಟಿನ್ ಲಿಪಿಯಲ್ಲಿ, 1940ರ ಕೊನೆಯಿಂದ ರಷ್ಯನ್ ಲಿಪಿಗೆ ಕೆಲವು ಅಕ್ಷರ ಸೇರಿಸಿ ಬರೆದರು. ಹೊಸ ಲಿಪಿ ಬಂದು ವರ್ಷ ತುಂಬುವ ಮೊದಲೇ ಯುದ್ಧ. ಕಜಕ್ ಹೆಸರನ್ನು ರಷ್ಯನ್ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದುಕೊಂಡ. ಅವನನ್ನು ಬೈಯಲು ನನಗೆ ಬಾಯಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬರ ‘ಬಿನ್’ ಮುಂದಿನ ಹೆಸರು ತಪ್ಪು ಬರೆದು, ಆ ಮನುಷ್ಯ ಅದನ್ನು ತಿದ್ದಿಸಲು ನಾಲ್ಕು ವರ್ಷ ಓಡಾಡಿದ್ದ.

ಇಪ್ಪತ್ತೆಂಟರ ಪಟ್ಟಿಯಲ್ಲೇ ಇಂಥದ್ದು ನಡೆದಿದೆ. ಪತ್ರಿಕೆಯಲ್ಲಿ ಬಂದ ಹೆಸರು ದನಿಯಿಲ್ ಕುಜೆಬೆರ್ಗೆನೊವ್. ಅವನು ಬದುಕಿದ್ದಾನೆ ಅಂತ ತಿಳಿದ ಮೇಲೆ ಬಿರುದಿನ ಆದೇಶದಲ್ಲಿ ಅಸ್ಕರ್ ಕೊಜೆಬೆರ್ಗೆನೊವ್ ಅಂತ ಬಂತು. ವರದಿ ಪ್ರಕಾರ ಆ ಅಸ್ಕರ್ ಡಿವಿಜನ್ನಿಗೆ ಬಂದದ್ದೇ ಕಾಳಗ ಮುಗಿದ ಮೇಲೆ.

ಅಪಾ ಹೇಳಿದ ಹೆಸರನ್ನು ಹದಿನೇಳು ರೀತಿಯಲ್ಲಿ ಬರೆದು ಹುಡುಕಿದೆ. ಹದಿನಾಲ್ಕನೆಯದಕ್ಕೆ ಒಂದು ಸಾಲು ಸಿಕ್ಕಿತು. ಹುಟ್ಟಿದ ವರ್ಷ ಒಂದು ಹಿಂದೆಮುಂದೆ. ಜಿಲ್ಲೆ ಸರಿ. ಸೈನ್ಯಕ್ಕೆ ಸೇರಿಸಿಕೊಂಡ ಕಚೇರಿ ಅಲ್ಮಾ-ಅತಾ. 1075ನೇ ರೆಜಿಮೆಂಟು. ‘ಪತ್ತೆಯಿಲ್ಲ, ನವೆಂಬರ್ 1941.’ ಕೊನೆಯ ಕಾಲಂನಲ್ಲಿ ಹೆಂಡತಿಯ ಹೆಸರು. ಅಪಾ ಅವರ ಅಮ್ಮನ ಹೆಸರೇ.

ರಾತ್ರಿ ಹನ್ನೊಂದೂವರೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ‘ಇವರೇನಾ ರೀ?’ ಅಂತ ಕೇಳಿ, ಕನ್ನಡಕ ಹಾಕಿಕೊಂಡು, ಓದಲು ಬಾರದ ಆ ಸಾಲನ್ನು ತುಂಬ ಹೊತ್ತು ನೋಡಿದಳು.

ಬೆಳಿಗ್ಗೆ ಮಗಳಿಗೆ ಫೋನ್ ಮಾಡಿದೆ. ‘ಅಪಾಗೆ ಹೇಳು, ಅವರಪ್ಪ ದುಬೊಸೆಕೊವೊದಲ್ಲಿದ್ದರು, ಆ ನೂರು ಜನರಲ್ಲಿ ಒಬ್ಬರು, 16ನೇ ತಾರೀಕು ಟ್ಯಾಂಕಿನ ಎದುರು ಹೋರಾಡಿ ಸತ್ತರು...’

‘ಅಪ್ಪಾ, ಹಾಗಂತ ಬರೆದಿದೆಯಾ ಅದರಲ್ಲಿ?’

ಬರೆದಿರಲಿಲ್ಲ. ರೆಜಿಮೆಂಟ್ ಇತ್ತು, ಕಂಪನಿ ಇರಲಿಲ್ಲ. ತಿಂಗಳಿತ್ತು, ತಾರೀಕಿರಲಿಲ್ಲ. ಮೂರು ತಿಂಗಳು ಆ ಪತ್ರಿಕೆಯವರ ತಪ್ಪು ಹುಡುಕಿದ ನಾನು ಒಂದೇ ರಾತ್ರಿಯಲ್ಲಿ ಅವರು ಮಾಡಿದ್ದನ್ನೇ ಮಾಡಲು ಹೊರಟಿದ್ದೆ. ಅಪಾಗೆ ಸಮಾಧಾನ ಆಗಲಿ ಅಂತಲೇ ಅಂದುಕೊಂಡಿದ್ದೆ. ಅವರೂ ಹಾಗೇ ಅಂದುಕೊಂಡಿರಬೇಕು. ‘ಇಲ್ಲ, ಬರೆದಿಲ್ಲ. ಇರೋದನ್ನಷ್ಟೇ ಹೇಳು’ ಅಂದೆ.

ಸಂಜೆ ವಿಡಿಯೋ ಕಾಲ್. ಮಗಳು ಲ್ಯಾಪ್‌ಟಾಪಿನಲ್ಲಿ ಆ ಪುಟ ದೊಡ್ಡದು ಮಾಡಿ ಸಾಲು ತೋರಿಸಿ, ಒಂದೊಂದೇ ಕಾಲಂ ಓದಿದಳು. ಕಂಪನಿ ಗೊತ್ತಿಲ್ಲ, ದಿನ ಗೊತ್ತಿಲ್ಲ ಅನ್ನುವುದನ್ನೂ ಹೇಳಿದಳು. ಅಪಾ ತಲೆಯಾಡಿಸಿದರು. ವೀರತನದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೊನೆಯ ಕಾಲಂ ಮೇಲೆ ಬೆರಳಿಟ್ಟು ಏನೋ ಕೇಳಿದರು.

‘ಅಮ್ಮನ ಹೆಸರು ಅವರಿಗೆ ಯಾರು ಹೇಳಿದ್ದು ಅಂತ ಕೇಳ್ತಿದ್ದಾರೆ ಅಪ್ಪಾ.’

‘ಸೇರುವಾಗ ಗುಮಾಸ್ತ ಕೇಳಿರ್ತಾನೆ, ಮನೇಲಿ ಯಾರಿಗೆ ತಿಳಿಸಬೇಕು ಅಂತ. ಅವರಪ್ಪನೇ ಹೇಳಿರಬೇಕು’ ಅಂದೆ. ನನ್ನ ಕೆಲಸದ ಅನುಭವದಲ್ಲಿ ಇಷ್ಟು ಧೈರ್ಯವಾಗಿ ಹೇಳಬಹುದಿತ್ತು.

ಅಪಾ ಬೆರಳು ತೆಗೆಯಲಿಲ್ಲ. ಆಮೇಲೆ ಮಗಳು ಹೇಳಿದಳು, ಅಪ್ಪನ ಬಾಯಿಂದ ಬಂದದ್ದು ಅಂತ ತನ್ನ ಹತ್ತಿರ ಇರುವುದು ಇದೊಂದೇ ಮಾತು ಅಂದರಂತೆ.

ಈಗ ನಾನು ಅದೇ ರೆಜಿಮೆಂಟಿನ ಆ ನವೆಂಬರಿನ ಪಟ್ಟಿಗಳನ್ನು ಒಂದೊಂದೇ ಪುಟ ಓದಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೇನೆ. ಮುನ್ನೂರ ಚಿಲ್ಲರೆ ಹೆಸರಾಗಿದೆ. ಯಾರಿಗೆ ಬೇಕು ಅಂತ ಗೊತ್ತಿಲ್ಲ. ನಿಮ್ಮ ಮನೆಯಲ್ಲೂ ಹಳೇ ಟ್ರಂಕಿನಲ್ಲಿ ಅಜ್ಜನದೋ ಮುತ್ತಜ್ಜನದೋ ಒಂದು ಕಾಗದ ಇದ್ದರೆ ಒಮ್ಮೆ ತೆಗೆದು ಕೊನೆಯ ಕಾಲಂವರೆಗೂ ಓದಿ. ಈ ವರ್ಷ ಮೇ 9ರಂದು ಅಪಾ ಎರಡು ಹೂವಿನ ಬದಲು ನಾಲ್ಕು ಕೊಂಡರಂತೆ. ಇಟ್ಟದ್ದು ಅದೇ ಮೂಲೆಯಲ್ಲಿ. ಎರಡು ಅಪ್ಪನಿಗೆ, ಇನ್ನೆರಡು ಯಾರಿಗೆ ಅಂತ ಮಗಳು ಕೇಳಿದ್ದಕ್ಕೆ, ‘ನಿಮ್ಮಪ್ಪನ ನೋಟ್‌ಬುಕ್ಕಿನಲ್ಲಿ ಇರೋರಿಗೆ’ ಅಂದರಂತೆ.